ಮಂಜಿಲ್ಲದ ಮಂಗಳವಾರ

"ಅಲ್ಲಾಡಬೇಡಿ," ಎಂದರು ಇನ್ಸ್‌ಪೆಕ್ಟರ್.

ಬಾಗಿಲ ಹಿಡಿ ತಿರುಗುತ್ತಿತ್ತು. ಹೊರಗೆ ನಿಂತವರು ಸದ್ದಾಗದಂತೆ ಒತ್ತಿ ನೋಡುತ್ತಿದ್ದರು. ಹಿಡಿ ಅರ್ಧ ಸುತ್ತು ಬಂತು, ಒಳಗಿನ ಚಿಲಕ ತಡೆಯಿತು, ಮೆಲ್ಲನೆ ಹಿಂದಕ್ಕೆ ಹೋಯಿತು. ಆಮೇಲೆ ಏನೂ ಇಲ್ಲ. ಹೆಜ್ಜೆ ಸಪ್ಪಳವೂ ಇಲ್ಲ. ಅಂದರೆ ಬಂದವರು ಇನ್ನೂ ಹೋಗಿರಲಿಲ್ಲ.

ಬೆಳಗಿನ ಹನ್ನೊಂದು ಗಂಟೆ. ಕಿಟಕಿಯ ತುಂಬ ಬಿಸಿಲು. ಪಕ್ಕದ ಕೋಣೆಯಲ್ಲಿ ಪ್ರಿಂಟರ್ ಓಡುತ್ತಿತ್ತು, ಯಾರೋ ಫೋನಿನಲ್ಲಿ ನಗುತ್ತಿದ್ದರು. ಅಷ್ಟೆಲ್ಲ ಸದ್ದಿನ ನಡುವೆಯೂ ಇಬ್ಬನಿ ಬಾಗಿಲ ಕಡೆಗೇ ಕಿವಿಗೊಟ್ಟು ಕೂತಿದ್ದಳು. ಬೆರಳುಗಳು ಕೀಲಿಮಣೆಯ ಮೇಲೆ ಇದ್ದಲ್ಲೇ ಇದ್ದವು.

ಇಬ್ಬನಿ ಅವಳ ನಿಜವಾದ ಹೆಸರಲ್ಲ. ಸಮುದ್ರಮಟ್ಟ ಕೇಂದ್ರದ ತಿದ್ದುಪಡಿ ವಿಭಾಗಕ್ಕೆ ಅವಳು ಸೇರಿದ ಮೊದಲ ವಾರವೇ ಮೇಷ್ಟ್ರು ಇಟ್ಟ ಹೆಸರು. ಮೇಷ್ಟ್ರಿಗೆ ಇಡೀ ಕೇಂದ್ರ ಇಟ್ಟ ಹೆಸರು ತೇವದ ಮೇಷ್ಟ್ರು. ಮಂಗಳವಾರ ಬೆಳಗ್ಗೆ ಅವರು ಸಮುದ್ರದ ನೀರಿನ ಮಟ್ಟ ನೋಡುವ ಬಂದರಿನ ಅಳತೆಬಾವಿಯ ಕಬ್ಬಿಣದ ಏಣಿಯಿಂದ ಬಿದ್ದು ಸತ್ತರು. ಮಂಜಿನಲ್ಲಿ ಕಾಲು ತಪ್ಪಿತು ಎಂದು ಪೊಲೀಸರು ಬರೆದುಕೊಂಡರು. ಆದರೆ ಬುಧವಾರ ಮಧ್ಯಾಹ್ನ ಸತ್ತ ಮೇಷ್ಟ್ರ ಹೆಸರಿನಲ್ಲೇ ಯಾರೋ ಕಂಪ್ಯೂಟರಿನೊಳಗೆ ಹೋಗಿ ಒಂದು ಕಡತ ಬದಲಿಸಿದ್ದರು.

ಇನ್ಸ್‌ಪೆಕ್ಟರ್ ಎದ್ದರು. ನಿವೃತ್ತಿಗೆ ಆರು ತಿಂಗಳು ಉಳಿದಿದ್ದ, ಮಂಡಿನೋವಿನ ದಪ್ಪ ಹೆಂಗಸು. ಆದರೂ ಬಾಗಿಲವರೆಗೆ ಬೆಕ್ಕಿನ ಹಾಗೆ ಹೋಗಿ ಚಟ್ಟನೆ ಚಿಲಕ ತೆಗೆದರು.

ಹೊರಗೆ ಕೇಂದ್ರದ ಮುಖ್ಯಸ್ಥರು ನಿಂತಿದ್ದರು. ಎಲ್ಲರ ಬಾಯಲ್ಲೂ ಅವರು ದೊಡ್ಡವರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಹಗಲು ಹೊತ್ತಲ್ಲಿ ಚಿಲಕ ಯಾಕೆ?" ಎಂದರು ನಗುತ್ತ. "ನಮ್ಮಲ್ಲಿ ಕದಿಯೋಕೆ ಏನಿದೆ ಇನ್ಸ್‌ಪೆಕ್ಟರೇ? ಬರೀ ಆವಿ."

"ಬಾಗಿಲು ತಟ್ಟಬಹುದಿತ್ತಲ್ಲ."

"ನಿಮ್ಮ ಕೆಲಸಕ್ಕೆ ಅಡ್ಡಿ ಬೇಡ ಅಂತ." ಅವರ ಕಣ್ಣು ಇನ್ಸ್‌ಪೆಕ್ಟರನ್ನು ದಾಟಿ ಇಬ್ಬನಿಯ ಮೇಲೆ ನಿಂತಿತು. "ನಾಳೆ ಹತ್ತು ಗಂಟೆಗೆ ಪ್ರಕಟಣೆ ಹೋಗಬೇಕಮ್ಮ. ಭಾನುವಾರದ ದೊಡ್ಡ ಉಬ್ಬರಕ್ಕೆ ನೀರು ಎಲ್ಲಿವರೆಗೆ ಬರುತ್ತೆ ಅಂತ ಕರಾವಳಿ ಮಂಡಳಿಯವರು ಕೇಳ್ತಿದಾರೆ. ಕಡತ ಹೇಗಿದೆಯೋ ಹಾಗೇ ಇರಲಿ. ಮೇಷ್ಟ್ರ ಕೊನೇ ಕೆಲಸ ಅದು. ಕೆದಕೋದು ಚೆಂದ ಅಲ್ಲ."

"ಸರ್, ಅದು ಮೇಷ್ಟ್ರ ಕೆಲಸ ಅಲ್ಲ."

"ಹೌದಾ?" ನಗು ಇದ್ದಲ್ಲೇ ಇತ್ತು. "ಮೇಷ್ಟ್ರು ಹೋದ್ಮೇಲೆ ಆ ಕಡತ ಮುಟ್ಟೋ ಅಧಿಕಾರ ಇರೋದು ನಿನಗೊಬ್ಬಳಿಗೇ. ಮಾತಾಡೋವಾಗ ಅದು ನೆನಪಿರಲಿ."

ಅವರು ಹೋದರು. ಈ ಸಲ ಹೆಜ್ಜೆ ಸಪ್ಪಳ ಚೆನ್ನಾಗಿ ಕೇಳಿಸಿತು.

ಇನ್ಸ್‌ಪೆಕ್ಟರ್ ಮತ್ತೆ ಚಿಲಕ ಹಾಕಿ ಕುರ್ಚಿ ಎಳೆದುಕೊಂಡರು. "ಈಗ ಹೇಳಿ. ಶಾಲೆ ಬಿಟ್ಟು ನಲವತ್ತು ವರ್ಷ ಆದವಳಿಗೆ ಅರ್ಥ ಆಗೋ ಹಾಗೆ."

ಇಬ್ಬನಿ ಪರದೆಯಿಂದ ಅವರ ಕಡೆ ತಿರುಗಿದಳು.

"ಉಪಗ್ರಹ ಮೇಲಿಂದ ರೇಡಾರ್ ಅಲೆ ಬಿಡುತ್ತೆ. ಅದು ಸಮುದ್ರಕ್ಕೆ ತಾಗಿ ವಾಪಸ್ ಬರುತ್ತೆ. ಹೋಗಿ ಬರೋಕೆ ಎಷ್ಟು ಹೊತ್ತಾಯ್ತು ಅನ್ನೋದರಿಂದ ಸಮುದ್ರ ಎಷ್ಟು ದೂರದಲ್ಲಿದೆ ಅಂತ ಗೊತ್ತಾಗುತ್ತೆ."

"ಸರಿ."

"ಗಾಳೀಲಿ ನೀರಾವಿ ಇದ್ರೆ ಅಲೆ ನಿಧಾನ ಆಗುತ್ತೆ. ತಡವಾಗಿ ಬಂತು ಅಂದ್ರೆ ಸಮುದ್ರ ಇನ್ನೂ ದೂರ ಇದೆ ಅಂತ ಲೆಕ್ಕ ಬರುತ್ತೆ. ಅಂದ್ರೆ ಇರೋದಕ್ಕಿಂತ ತಗ್ಗಿನಲ್ಲಿ ಕಾಣುತ್ತೆ. ಆ ತಪ್ಪು ತೆಗೆಯೋದೇ ನಮ್ಮ ಕೆಲಸ."

"ಎಷ್ಟು ತಪ್ಪಾಗುತ್ತೆ? ಕೂದಲೆಳೆ?"

"ಒಣ ಹವೆ ಇದ್ರೆ ನಾಲ್ಕು ಬೆರಳು. ಮೋಡ ಕಟ್ಟಿದ ದಿನ ಒಂದು ಮೊಳದ ಹತ್ತಿರ."

ಇನ್ಸ್‌ಪೆಕ್ಟರ್ ತಮ್ಮ ಮೊಳಕೈ ನೋಡಿಕೊಂಡರು. "ಆ ಆವಿಯನ್ನ ಅಳೆಯೋದು ಯಾರು?"

"ಉಪಗ್ರಹದಲ್ಲೇ ಅದಕ್ಕೊಂದು ಕಣ್ಣಿದೆ. ನಡುಸಮುದ್ರದಲ್ಲಿ ಚೆನ್ನಾಗಿ ನೋಡುತ್ತೆ. ದಡದ ಹತ್ತಿರ ಬಂದಾಗ ನೆಲದ ಕಾವು ಸೇರಿಕೊಂಡು ಅದರ ಅಳತೆ ಕೆಡುತ್ತೆ. ಅದಕ್ಕೆ ದಡದ ಹತ್ತಿರ ನಾವು ನೆಲದ ಮೇಲಿನ ಹವಾಮಾನ ಅಂಗಳದ ಅಂಕಿ ಹಾಕ್ತೀವಿ. ಬದಲಾಗಿರೋದು ಆ ಅಂಕಿಗಳೇ."

ಅವಳು ಪರದೆಯ ಮೇಲೆ ಎರಡು ಪಟ್ಟಿ ಅಕ್ಕಪಕ್ಕ ಇಟ್ಟಳು. ಎಡಗಡೆ ಈ ವರ್ಷದ ತೇವ. ಬಲಗಡೆ ಎಂಟು ವರ್ಷದ ಹಿಂದಿನದು. ಇನ್ಸ್‌ಪೆಕ್ಟರ್ ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿದರು. ಐದನೇ ಸಾಲಿಗೆ ಅವರ ಬೆರಳು ನಿಂತಿತು.

"ಎರಡೂ ಒಂದೇ."

"ಕೊನೇ ಅಂಕಿವರೆಗೂ ಒಂದೇ. ಎರಡು ವರ್ಷದ ಗಾಳಿ ಹಾಗೆ ಒಂದೇ ಥರ ಇರೋಕೆ ಸಾಧ್ಯ ಇಲ್ಲ ಮೇಡಂ. ಅದು ಭಾರೀ ಒಣ ವರ್ಷ. ಅದನ್ನ ತಂದು ಈ ವರ್ಷದ ಜಾಗದಲ್ಲಿ ಇಟ್ಟಿದಾರೆ. ಸೋಮವಾರ ಮೇಷ್ಟ್ರಿಗೆ ಗೊತ್ತಾಯ್ತು, ಸರಿ ಮಾಡಿದ್ರು. ಮಂಗಳವಾರ ಸತ್ತರು. ಬುಧವಾರ ಮತ್ತೆ ತಪ್ಪಾಯ್ತು."

"ಇದರಿಂದ ಸಮುದ್ರ ಎಷ್ಟು ಕೆಳಗೆ ಕಾಣುತ್ತೆ?"

"ಹನ್ನೊಂದು ಸೆಂಟಿಮೀಟರ್."

"ಅಷ್ಟೇನಾ?"

"ದಡದ ಗೋಡೆಗೂ ಭಾನುವಾರದ ಉಬ್ಬರಕ್ಕೂ ನಡುವೆ ನಮ್ಮ ಪ್ರಕಟಣೆ ಪ್ರಕಾರ ಉಳಿಯೋದು ಹತ್ತು." ಇಬ್ಬನಿಯ ದನಿ ಸಣ್ಣಗಾಯಿತು. "ಗೋಡೆ ಎತ್ತರಿಸಬೇಕು ಅಂತ ಮೊದಲು ತೀರ್ಮಾನ ಆಗಿತ್ತು. ಸಮುದ್ರ ಏರಿಲ್ಲ ಅಂತ ನಮ್ಮ ಅಂಕಿ ತೋರಿಸಿ ಮಂಡಳಿ ಕೈಬಿಟ್ಟಿತು. ಗೋಡೆ ಹಿಂದೆ ಆರುನೂರು ಮನೆ ಇದೆ. ನಮ್ಮಮ್ಮ ಇರೋದೂ ಅಲ್ಲೇ."

ಇನ್ಸ್‌ಪೆಕ್ಟರ್ ಕನ್ನಡಕ ತೆಗೆದರು. "ಬಂದರಲ್ಲಿ ನೇರವಾಗಿ ನೀರು ಅಳೆಯೋ ಬಾವಿ ಇದೆಯಲ್ಲ?"

"ಹನ್ನೊಂದು ತಿಂಗಳಿಂದ ಕೆಟ್ಟು ಕೂತಿದೆ. ಅದಕ್ಕೇ ಮೇಷ್ಟ್ರು ತಾವೇ ಇಳಿದು ಕಣ್ಣಾರೆ ನೋಡೋಕೆ ಹೋಗಿದ್ದು."

"ಇನ್ನೊಂದು ಮಾತು." ಇನ್ಸ್‌ಪೆಕ್ಟರ್ ಪುಟ್ಟ ಪುಸ್ತಕ ತೆಗೆದರು. "ಬುಧವಾರದ ಬದಲಾವಣೆ ಯಾವ ಯಂತ್ರದಿಂದ ಆಯ್ತು ಅಂತ ನಮ್ಮವರು ಹುಡುಕಿದ್ರು. ಈ ಯಂತ್ರದಿಂದ. ನೀವು ಈಗ ಕೂತಿದ್ದೀರಲ್ಲ, ಇದೇ. ಒಂದು ಗಂಟೆ ನಲವತ್ತು ನಿಮಿಷಕ್ಕೆ ನೀವೆಲ್ಲಿದ್ರಿ?"

ಇಬ್ಬನಿ ಕೀಲಿಮಣೆಯಿಂದ ಕೈ ತೆಗೆದಳು.

"ಮೇಷ್ಟ್ರ ಅಂತ್ಯಕ್ರಿಯೆಗೆ ಹೋಗಿದ್ದೆ. ನೋಡೋಕಾಗದೆ ಬೇಗ ಎದ್ದುಬಂದೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಅಳ್ತಿದ್ದೆ."

"ಯಾರಾದರೂ ನೋಡಿದ್ರಾ?"

"ಇಲ್ಲ."

ಇನ್ಸ್‌ಪೆಕ್ಟರ್ 'ಇಲ್ಲ' ಎಂಬುದನ್ನು ಬರೆದುಕೊಂಡರು. ಒಂದು ಪದ ಬರೆಯಲು ಅಷ್ಟು ಹೊತ್ತು ಬೇಕೇ ಎನ್ನಿಸಿತು ಇಬ್ಬನಿಗೆ.

"ಈ ವರ್ಷದ ನಿಜವಾದ ಅಂಕಿ ಎಲ್ಲಾದರೂ ಉಳಿದಿರಬಹುದಾ?"

"ಕಂಪ್ಯೂಟರಲ್ಲಿ ಅಳಿಸಿದಾರೆ. ಹವಾಮಾನ ಅಂಗಳದಲ್ಲಿ ಕೈಯಲ್ಲಿ ಬರೆಯೋ ದಾಖಲೆ ಪುಸ್ತಕ ಇರುತ್ತೆ."

"ಹೋಗಿ ತನ್ನಿ. ನಾನು ದೊಡ್ಡವರ ಕೋಣೆಯಲ್ಲಿ ಸ್ವಲ್ಪ ಕಾಲು ಚಾಚಿಕೊಂಡು ಕೂತಿರ್ತೀನಿ. ನಾಲ್ಕು ಗಂಟೆಗೆ ಇಲ್ಲೇ ಸಿಗಿ. ನೇರ ನನ್ನ ಕೈಗೇ ಕೊಡಬೇಕು, ಬೇರೆ ಯಾರಿಗೂ ಅಲ್ಲ."

*

ಬಸ್ಸಿನಲ್ಲಿ ಇಬ್ಬನಿ ಕೊನೆಯ ಸೀಟು ಹಿಡಿದು ಕೂತಳು. ಬೆನ್ನ ಹಿಂದೆ ಯಾರೂ ಇರಬಾರದಿತ್ತು. ಹತ್ತಿದವರ ಮುಖವನ್ನೆಲ್ಲ ನೋಡಿದಳು. ಒಬ್ಬ ಪತ್ರಿಕೆ ಬಿಡಿಸಿಕೊಂಡ. ಎರಡು ನಿಲ್ದಾಣ ದಾಟಿದರೂ ಪುಟ ತಿರುಗಿಸಲಿಲ್ಲ. ಮೂರನೇ ನಿಲ್ದಾಣದಲ್ಲಿ ಅವನು ಇಳಿದು ಹೋದ ಮೇಲೆ ಅವಳಿಗೆ ಉಸಿರು ಬಂತು.

ಫೋನು ಅದುರಿದಾಗ ಕುಳಿತಲ್ಲೇ ಬೆಚ್ಚಿದಳು. ತಂಗಿ.

"ಅಕ್ಕಾ, ಎಲ್ಲಿದ್ದೀಯ?"

"ಬಸ್ಸಲ್ಲಿ. ಅಮ್ಮ ಹೇಗಿದಾಳೆ ಪುಟ್ಟಿ?"

"ಅಮ್ಮನಿಗೇನು, ಮಹಾರಾಣಿ. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಚರಂಡಿ ನೋಡ್ತಾ ಕೂತಿದಾಳೆ. ಬೆಳಗ್ಗೆಯಿಂದ ಉಲ್ಟಾ ಹರೀತಿದೆ. ಮಳೆ ಇಲ್ಲ, ಮೋಡ ಇಲ್ಲ, ಬೀದಿ ತುಂಬ ನೀರು. ನಮ್ಮನೆ ಕೆಳಗಿನ ಮೆಟ್ಟಿಲು ಮುಳುಗಿದೆ."

"ಅದು ಸಮುದ್ರದ ನೀರು ಕಣೇ."

"ಹಾಗೆಲ್ಲ ಅನ್ನಬೇಡ. ಸಮುದ್ರ ಏರಿಲ್ಲ ಅಂತ ಮಂಡಳಿ ನೋಟಿಸು ಟೈಪ್ ಮಾಡಿದವಳು ನಾನು. ಸಮುದ್ರಕ್ಕೆ ಒಂದು ಪ್ರತಿ ಕಳಿಸೋದು ಮರೆತೆ, ಅಷ್ಟೇ."

ನಾಲ್ಕು ದಿನದಲ್ಲಿ ಮೊದಲ ಸಲ ಇಬ್ಬನಿ ನಕ್ಕಳು. ಪುಟ್ಟಿ ಕರಾವಳಿ ಮಂಡಳಿಯ ಕಚೇರಿಯಲ್ಲಿ ಬೆರಳಚ್ಚುಗಾರ್ತಿ. ಅಮ್ಮನನ್ನು ನೋಡಿಕೊಳ್ಳುವವಳೂ ಅವಳೇ. ಅಕ್ಕತಂಗಿಯರ ನಡುವೆ ಎರಡೇ ವರ್ಷ ಅಂತರ. ಫೋನಿನಲ್ಲಿ ಅಮ್ಮನಿಗೂ ಯಾರು ಯಾರೆಂದು ಗುರುತು ಸಿಗುತ್ತಿರಲಿಲ್ಲ.

"ಪುಟ್ಟಿ, ನಾಳೆ ಸಂಜೆಯೊಳಗೆ ಅಮ್ಮನ್ನ ನನ್ನ ಕೋಣೆಗೆ ಕರ್ಕೊಂಡು ಬಂದ್ಬಿಡು. ಯಾಕೆ ಅಂತ ಕೇಳಬೇಡ."

ಪುಟ್ಟಿ ನಿಜಕ್ಕೂ ಯಾಕೆ ಅಂತ ಕೇಳಲಿಲ್ಲ.

"ಅಕ್ಕಾ, ಇನ್ಸ್‌ಪೆಕ್ಟರ್ ಏನಂತಾರೆ? ಕಾಲು ಜಾರಿದ್ದು ಅಂತಾನೇ ತಾನೆ?"

"ಗೊತ್ತಿಲ್ಲ. ಏನೂ ಹೇಳಲ್ಲ ಆಯಮ್ಮ."

"ನೀನು ಹುಷಾರಾಗಿರು," ಎಂದಳು ಪುಟ್ಟಿ, ನಗೆಯಿಲ್ಲದ ದನಿಯಲ್ಲಿ. ಅಷ್ಟು ಹೇಳಿ ಇಟ್ಟುಬಿಟ್ಟಳು.

ಹವಾಮಾನ ಅಂಗಳದ ಗೇಟು ತೆರೆದೇ ಇತ್ತು. ಬಿಳಿ ಬಣ್ಣದ ಉಪಕರಣ ಪೆಟ್ಟಿಗೆಗಳು, ಹುಲ್ಲು, ಬಿಸಿಲು. ಒಂದು ನರಪಿಳ್ಳೆಯೂ ಇರಲಿಲ್ಲ. ಶೆಡ್ಡಿನ ಒಳಗಿನಿಂದ ಸ್ಸ್ಸ್ ಎಂದು ಒಂದೇ ಸಮ ಸದ್ದು ಬರುತ್ತಿತ್ತು.

"ಅಣ್ಣಾ?"

ಉತ್ತರ ಇಲ್ಲ. ಇಬ್ಬನಿ ಒಳಗೆ ಇಣುಕಿದಳು. ಆಳೆತ್ತರದ ಬಿಳಿ ಬಲೂನು ನೆಲದಿಂದ ಮೇಲೇಳುತ್ತಿತ್ತು. ಅದರ ಹಿಂದೆ ಯಾರೋ ಅಲುಗಾಡದೆ ನಿಂತಿದ್ದರು. ಕೈಯಲ್ಲಿ ಕಬ್ಬಿಣದ ದೊಡ್ಡ ಸ್ಪ್ಯಾನರ್.

ಅವಳು ಬಾಗಿಲ ಕಡೆಗೆ ಹಿಂದಕ್ಕೆ ಸರಿದಳು.

"ನೀನಾ ತಾಯಿ?" ಎಂದಿತು ಬಲೂನಿನ ಹಿಂದಿನ ದನಿ. ಸ್ಪ್ಯಾನರ್ ಕೆಳಗಿಳಿಯಿತು. "ನನ್ನ ಜೀವ ಹೋಗಿ ಬಂತು. ಮತ್ತೆ ಅವರೇ ಬಂದ್ರು ಅಂತ ತಿಳಿದೆ."

ಬಲೂನಣ್ಣನಿಗೆ ಐವತ್ತು ದಾಟಿತ್ತು. ದಿನಕ್ಕೆ ಎರಡು ಬಲೂನು ಬಿಡುವುದು, ಬೆಳಗ್ಗೆ ಸಂಜೆ ಉಷ್ಣಮಾಪಕ ನೋಡಿ ಬರೆಯುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ತಪ್ಪಿಸಿರಲಿಲ್ಲ.

"ಯಾರು ಬಂದಿದ್ರು?"

"ನಿನ್ನೆ ಕೇಂದ್ರದ ಜೀಪು. ಇಬ್ಬರು. ದೊಡ್ಡವರು ಹೇಳಿದಾರೆ ಅಂದ್ರು, ಕಪಾಟಲ್ಲಿದ್ದ ದಾಖಲೆ ಪುಸ್ತಕ ಅಷ್ಟೂ ಹೊತ್ತುಕೊಂಡು ಹೋದ್ರು. ರಸೀತಿ ಕೊಡಿ ಅಂದೆ. ನನ್ನ ಮುಖ ನೋಡಿ ನಕ್ಕರು."

"ಎಲ್ಲಾ ಹೋಯ್ತಾ?"

ಬಲೂನಣ್ಣ ಗೇಟಿನ ಕಡೆ ನೋಡಿದ. ಆಮೇಲೆ ಮೂಲೆಯ ಮಂಚದ ಹಾಸಿಗೆ ಎತ್ತಿದ. ಕೆಳಗೆ ಬಟ್ಟೆ ರಟ್ಟಿನ ಉದ್ದನೆಯ ಪುಸ್ತಕ.

"ಈ ವರ್ಷದ್ದು ಇಲ್ಲೇ ಇರುತ್ತೆ. ಬರೆಯೋಕೆ ಹತ್ತಿರ ಆಗಲಿ ಅಂತ. ಅವರಿಗೆ ತೋರಿಸೋಕೆ ಯಾಕೋ ಮನಸ್ಸಾಗಲಿಲ್ಲ. ತಗೊಂಡು ಹೋಗು ತಾಯಿ. ಇದು ಇಲ್ಲಿದ್ರೆ ನನಗೆ ನಿದ್ದೆ ಬರಲ್ಲ."

ಅವಳು ನಿಂತಲ್ಲೇ ಪುಟ ತಿರುಗಿಸಿದಳು. ಪ್ರತಿ ಸಾಲಿನಲ್ಲೂ ಎರಡು ಉಷ್ಣತೆ: ಒಂದು ಒಣ ಬಲ್ಬಿನದು, ಇನ್ನೊಂದು ಒದ್ದೆ ಬಟ್ಟೆ ಸುತ್ತಿದ ಬಲ್ಬಿನದು. ಎರಡರ ನಡುವೆ ಅಂತರ ಹೆಚ್ಚಿದ್ದಷ್ಟೂ ಗಾಳಿ ಒಣ. ಎರಡೂ ಒಂದೇ ಆದರೆ ಮಂಜು. ಬಲೂನು ಕಳಿಸಿದ ಮೇಲಿನ ಗಾಳಿಯ ಅಂಕಿಯೂ ಪಕ್ಕದಲ್ಲೇ ಇತ್ತು. ಪುಟಗಟ್ಟಲೆ ತೇವ ತುಂಬಿದ ದಿನಗಳು. ಈ ಒಂದು ಪುಸ್ತಕ ಇದ್ದರೆ ಇಡೀ ಕಡತ ಮತ್ತೆ ಕಟ್ಟಬಹುದು. ಒಂದು ರಾತ್ರಿಯ ಕೆಲಸ.

ಕೊನೆಯ ಪುಟಕ್ಕೆ ಬಂದಳು. ಮಂಗಳವಾರ, ಬೆಳಗ್ಗೆ ಆರು ಗಂಟೆ. ಒಣ ಬಲ್ಬು ಇಪ್ಪತ್ತನಾಲ್ಕು. ಒದ್ದೆ ಬಲ್ಬು ಹದಿನೇಳು. ಕಣ್ಣಿಗೆ ಕಾಣುವ ದೂರ, ಹತ್ತು ಕಿಲೋಮೀಟರಿಗೂ ಹೆಚ್ಚು.

ಆ ಸಾಲನ್ನು ಇಬ್ಬನಿ ಮೂರು ಸಲ ಓದಿದಳು.

"ಅಣ್ಣಾ, ಮಂಗಳವಾರ ಬೆಳಗ್ಗೆ ಮಂಜಿತ್ತಲ್ವಾ?"

"ಎಲ್ಲಿಯ ಮಂಜು? ಈ ತಿಂಗಳಲ್ಲಿ ಅಷ್ಟು ಒಣ ಹವೆ ಇದ್ದಿದ್ದು ಅದೊಂದೇ ದಿನ. ಇಲ್ಲಿ ನಿಂತ್ರೆ ಬಂದರಿನ ಕ್ರೇನಿನ ಮೇಲೆ ಕೂತ ಕಾಗೆ ಕಾಣ್ತಿತ್ತು."

ಅವಳು ಪುಸ್ತಕವನ್ನು ಚೀಲಕ್ಕೆ ಹಾಕಿದಳು. ಮಂಜಿತ್ತು ಎಂದು ಪೊಲೀಸರಿಗೆ ಹೇಳಿದ್ದು ಒಬ್ಬನೇ ಒಬ್ಬ. ನನ್ನ ಕೈ ನನಗೇ ಕಾಣುತ್ತಿರಲಿಲ್ಲ, ಬಿದ್ದ ಸದ್ದು ಮಾತ್ರ ಕೇಳಿಸಿತು ಎಂದು ಹೇಳಿಕೆ ಬರೆಸಿದ್ದವನು ಅಳತೆಬಾವಿಯ ಕಾವಲುಗಾರ.

ಆ ಕಾವಲುಗಾರ ಇಬ್ಬನಿಯ ಸೋದರಮಾವ. ಅಪ್ಪ ಇಲ್ಲದ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ, ಓದಿಸಿ, ತಾನು ಮದುವೆಯಾಗದೆ ಉಳಿದವನು.

*

ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ ಹತ್ತಿರ ಹೋಗಬೇಕಿತ್ತು. ಮೂರೂವರೆಗೆ ಇಬ್ಬನಿ ಬಂದರಿನ ಕಟ್ಟೆಯ ಮೇಲಿದ್ದಳು.

ಸಮುದ್ರದೊಳಕ್ಕೆ ಚಾಚಿದ ಕಲ್ಲುಕಟ್ಟೆ. ಎರಡೂ ಕಡೆ ನೀರು. ಅದರ ತುದಿಯಲ್ಲಿ ಅಳತೆಬಾವಿ, ಅದರ ಬಳಿ ಮಾವನ ತಗಡಿನ ಕೋಣೆ. ಹೋಗಲು ಇರುವುದು ಒಂದೇ ದಾರಿ, ಬರಲೂ ಅದೇ.

ಅರ್ಧ ದಾರಿಯಲ್ಲಿ ಹಿಂದಿನಿಂದ ಹೆಜ್ಜೆ ಕೇಳಿಸಿತು. ಅವಳು ನಿಂತಳು. ಹೆಜ್ಜೆಯೂ ನಿಂತಿತು. ತಿರುಗಿ ನೋಡಿದಳು. ಕಟ್ಟೆಯ ಉದ್ದಕ್ಕೂ ಜೋಡಿಸಿಟ್ಟ ಕಬ್ಬಿಣದ ಪೀಪಾಯಿಗಳು, ಬಲೆಯ ರಾಶಿ. ಯಾರೂ ಇಲ್ಲ. ಮತ್ತೆ ನಡೆದಳು. ಹೆಜ್ಜೆ ಮತ್ತೆ ಶುರುವಾಯಿತು, ಸ್ವಲ್ಪ ಎಳೆದೆಳೆದು.

ಚೀಲವನ್ನು ಎದೆಗೆ ಅವಚಿಕೊಂಡು ಉಳಿದ ದಾರಿಯನ್ನು ಅವಳು ಓಡಿಯೇ ಮುಗಿಸಿದಳು.

ಮಾವ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಹಗ್ಗದ ಗಂಟು ಬಿಡಿಸುತ್ತಿದ್ದ. ಅವಳನ್ನು ಕಂಡು ಎದ್ದ. ನಾಲ್ಕೇ ದಿನದಲ್ಲಿ ಅವನ ಕೆನ್ನೆ ಒಳಕ್ಕೆ ಹೋಗಿತ್ತು.

"ಇಲ್ಲಿಗೆ ಯಾಕೆ ಬಂದೆ?" ಎಂದ. "ಯಾರಾದರೂ ನೋಡಿದ್ರೆ?"

"ನೋಡಿದ್ರೆ ಏನು ಮಾಮ?"

ಅವನು ಅವಳನ್ನು ಒಳಗೆ ಎಳೆದುಕೊಂಡು ಬಾಗಿಲು ಮುಂದಕ್ಕೆಳೆದ. ತಗಡಿನ ಗೋಡೆ ಕಾದು ಕೋಣೆ ಬೇಯುತ್ತಿತ್ತು. ನೆಲದ ಹಲಗೆಯ ಸಂದಿನಲ್ಲಿ ಕೆಳಗಿನ ನೀರು ಕಾಣುತ್ತಿತ್ತು. ಎಂದೂ ಅಷ್ಟು ಮೇಲೆ ಕಂಡಿರಲಿಲ್ಲ.

ಇಬ್ಬನಿ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟಳು. "ಓದು."

"ನನ್ನ ಬಲಗಣ್ಣಲ್ಲಿ ಪೊರೆ ಬಂದಿದೆ. ಓದೋಕಾಗಲ್ಲ."

"ಹಾಗಾದ್ರೆ ನಾನೇ ಹೇಳ್ತೀನಿ. ಮಂಗಳವಾರ ಮಂಜಿರಲಿಲ್ಲ. ಹತ್ತು ಕಿಲೋಮೀಟರ್ ದೂರ ಕಾಣ್ತಿತ್ತು. ಇಲ್ಲಿಂದ ಏಣಿಗೆ ನೂರು ಹೆಜ್ಜೆ. ಮಾಮ, ನೀನು ಯಾಕೆ ಸುಳ್ಳು ಹೇಳಿದೆ?"

ಮಾವ ಒಳಗಿನ ಮಂಚದ ಮೇಲೆ ಕುಸಿದ.

"ಅದನ್ನ ಸಮುದ್ರಕ್ಕೆ ಎಸೆದುಬಿಡು ಮಗಳೇ."

"ಆರುನೂರು ಮನೆ ಇದರಲ್ಲಿದೆ. ಅಮ್ಮ ಇದಾಳೆ."

"ಎಸಿ ಅಂದೆ." ಅವನು ಎದ್ದು ಕೈ ಮುಂದೆ ಮಾಡಿದ. ಅವಳು ಪುಸ್ತಕವನ್ನು ಬೆನ್ನ ಹಿಂದೆ ಹಿಡಿದಳು. ತನ್ನನ್ನು ಸಾಕಿದ ಈ ಮನುಷ್ಯನಿಗೆ ತಾನು ಹೆದರಿ ಗೋಡೆಗೆ ಒತ್ತಿಕೊಂಡು ನಿಂತಿದ್ದೇನೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಮಾವನಿಗೂ ಗೊತ್ತಾಯಿತು. ಅವನ ಕೈ ತಾನಾಗಿ ಕೆಳಗಿಳಿಯಿತು.

"ನೀನೇ ಮೇಷ್ಟ್ರನ್ನ ತಳ್ಳಿದೆಯಾ?" ಎಂದಳು.

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ದಿಗಿಲಿತ್ತು.

"ನನ್ನ ಹತ್ರ ಯಾಕೆ ಈ ನಾಟಕ? ನಾನು ಯಾರಿಗೂ ಹೇಳಿಲ್ಲ. ಸಾಯೋವರೆಗೂ ಹೇಳಲ್ಲ. ನಿನ್ನ ಉಳಿಸೋಕೆ ತಾನೇ ನಾನು ಮಂಜು ಅಂದಿದ್ದು."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ.

"ನನ್ನನ್ನ?"

"ನಾನು ನೋಡಿದೆ. ಆರೂಕಾಲಿಗೆ. ಮೇಷ್ಟ್ರು ಮುಂದೆ, ನೀನು ಹಿಂದೆ. ನಿಮ್ಮ ಕೇಂದ್ರದ ಹಳದಿ ಮಳೆಕೋಟು. ಬೆನ್ನ ಮೇಲೆ ಹನ್ನೊಂದು. ನಿನ್ನ ನಂಬರು ನನಗೆ ಗೊತ್ತಿಲ್ವಾ? ಇಬ್ಬರೂ ಬಾವಿ ಹತ್ರ ಹೋದ್ರಿ. ಏನೋ ಜೋರು ಮಾತು. ನಾನು ಸ್ಟವ್ ಆರಿಸೋಕೆ ಒಳಗೆ ಬಂದೆ. ಆಗ ಬಿದ್ದ ಸದ್ದು. ಹೊರಗೆ ಬಂದ್ರೆ ನೀನೊಬ್ಬಳೇ ಓಡಿ ಹೋಗ್ತಿದ್ದೆ." ಅವನು ಮುಖ ಒರೆಸಿಕೊಂಡ. "ಅಂತ್ಯಕ್ರಿಯೇಲಿ ನಿನ್ನ ಪಕ್ಕ ನಿಲ್ಲೋಕಾಗಲಿಲ್ಲ ನನಗೆ."

"ಅದು ನಾನಲ್ಲ ಮಾಮ. ಆ ಹೊತ್ತಿಗೆ ನಾನಿನ್ನೂ ಎದ್ದೇ ಇರಲಿಲ್ಲ. ದೇವರಾಣೆ ನಾನಲ್ಲ."

"ನಾನೂ ಹಾಗೇ ಅಂದುಕೊಳ್ತಿದ್ದೆ. ಪೊರೆಗಣ್ಣು, ತಪ್ಪಿರಬಹುದು ಅಂತ. ಆದ್ರೆ—"

"ಆದ್ರೆ ಏನು?" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಇನ್ಸ್‌ಪೆಕ್ಟರ್ ಬಾಗಿಲು ತಳ್ಳಿ ನಿಂತಿದ್ದರು. ಒಂದು ಕೈ ಮಂಡಿಯ ಮೇಲೆ. ಕಟ್ಟೆಯ ಮೇಲೆ ಕಾಲೆಳೆದುಕೊಂಡು ಬಂದವರು ಅವರೇ.

"ನಾಲ್ಕು ಗಂಟೆಗೆ ಸಿಗ್ತೀನಿ ಅಂದವರು ಬೇರೆ ದಾರಿ ಹಿಡಿದ್ರು ಅಂತ ನಮ್ಮವರು ಫೋನ್ ಮಾಡಿದ್ರೆ ಹಿಂದೆ ಬರಲೇಬೇಕಾಗುತ್ತೆ," ಎಂದರು. "ಕೂತ್ಕೊಳ್ಳಿ ಯಜಮಾನ್ರೇ. ಎಲ್ಲಾ ಕೇಳಿಸಿಕೊಂಡೆ. ಮಂಜಿಲ್ಲ, ಮಳೆ ಇಲ್ಲ, ಒಣ ಹವೆ. ಅಂಥ ಬೆಳಗ್ಗೆ ಮಳೆಕೋಟು ಹಾಕ್ಕೊಂಡು ಬರೋರು ಯಾರು? ನಂಬರು ಕಾಣಲಿ ಅಂತಲೇ ಬಂದಿರಬೇಕು. ಕೋಟು ಯಾರು ಬೇಕಾದ್ರೂ ಹಾಕಬಹುದು. ಆದ್ರೆ ನೀವು 'ಆದ್ರೆ' ಅಂದ್ರಲ್ಲ. ಅದು ಹೇಳಿ."

ಇಬ್ಬನಿಯ ಎದೆಯಲ್ಲಿ ಸಣ್ಣ ಆಸೆ ಹುಟ್ಟಿತು. ಈ ಹೆಂಗಸು ತನ್ನನ್ನು ನಂಬಿದ್ದಾಳೆ. "ಹೇಳು ಮಾಮ," ಎಂದಳು. "ಏನಿದ್ರೂ ಹೇಳು. ನನಗೆ ಹೆದರಿಕೆ ಇಲ್ಲ."

ಮಾವ ಇಬ್ಬರನ್ನೂ ನೋಡಿದ.

"ಅವರಿಬ್ಬರೂ ಬರೋವಾಗ ನಾನು ಈ ಬಾಗಿಲಲ್ಲಿ ನಿಂತಿದ್ದೆ. ಅವಳು ದೂರದಿಂದ್ಲೇ ಕೈ ಎತ್ತಿ ಕರೆದಳು. 'ಬೆಳಕುಮಾಮ' ಅಂದಳು."

ಹಲಗೆಯ ಕೆಳಗೆ ನೀರು ಕಲ್ಲಿಗೆ ಬಡಿಯುತ್ತಿತ್ತು.

ಬೆಳಕುಮಾಮ. ಮೂವತ್ತು ವರ್ಷದ ಹಿಂದೆ ಮಾವ ಬಂದರಿನ ದೀಪಸ್ತಂಭದಲ್ಲಿ ಕೆಲಸಕ್ಕಿದ್ದ. ಸಂಜೆ ದೀಪ ಹೊತ್ತಿಸುವಾಗ ಎರಡು ಪುಟ್ಟ ಹುಡುಗಿಯರು ಕೆಳಗೆ ನಿಂತು ಕೂಗುತ್ತಿದ್ದರು. ಅಮ್ಮನೂ ಅವನನ್ನು ಹಾಗೆ ಕರೆದಿದ್ದಿಲ್ಲ. ಲೋಕದಲ್ಲಿ ಆ ಹೆಸರು ಗೊತ್ತಿದ್ದ ಬಾಯಿ ಎರಡೇ.

ಇಬ್ಬನಿಯ ಹಳದಿ ಕೋಟನ್ನು ಹೋದ ತಿಂಗಳ ಮಳೆಯಲ್ಲಿ ಪುಟ್ಟಿ ಹಾಕಿಕೊಂಡು ಹೋಗಿದ್ದಳು, ವಾಪಸ್ ತಂದಿರಲಿಲ್ಲ. ಬುಧವಾರ ಅಂತ್ಯಕ್ರಿಯೆಯಿಂದ ಎದ್ದು ಹೊರಟಾಗ, ಆಫೀಸಿಂದ ನನ್ನ ಚೀಲ ತಂದುಕೊಡು ಎಂದು ಕೋಣೆಯ ಕೀಲಿ ಕೊಟ್ಟದ್ದು ಪುಟ್ಟಿಯ ಕೈಗೆ. ಮೇಷ್ಟ್ರ ಗುಪ್ತಪದ ಅವರ ಮೇಜಿನ ಗಾಜಿನ ಕೆಳಗೇ ಇರುತ್ತಿತ್ತು, ಯಾರಿಗೆ ಬೇಕಾದರೂ ಕಾಣುವ ಹಾಗೆ.

ಪುಟ್ಟಿ ತಳ್ಳಿದಳೋ, ತಳ್ಳಿದವರನ್ನು ನೋಡಿದಳೋ, ಯಾರು ಹೆದರಿಸಿ ಕಳಿಸಿದರೋ. ಅಮ್ಮ ಈಗಲೂ ಅವಳ ಜೊತೆ ಆ ಮನೆಯಲ್ಲಿದ್ದಾಳೆ.

"ಬೆಳಕುಮಾಮ," ಎಂದು ಇನ್ಸ್‌ಪೆಕ್ಟರ್ ಮೆಲ್ಲಗೆ ಹೇಳಿ ನೋಡಿದರು. ಪುಟ್ಟ ಪುಸ್ತಕ ಹೊರಬಂತು. "ಚೆಂದದ ಹೆಸರು. ಯಜಮಾನ್ರೇ, ನಿಮ್ಮನ್ನ ಹಾಗೆ ಕರೆಯೋರು ಎಷ್ಟು ಜನ?"

ಮಾವ ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಇಬ್ಬನಿಯ ಮುಖಕ್ಕೆ ಹೋಯಿತು. ಅಲ್ಲಿ ಏನು ಕಂಡನೋ, ನಾಲ್ಕು ದಿನದಿಂದ ಹೊಳೆಯದೇ ಇದ್ದದ್ದು ಆಗ ಹೊಳೆಯಿತು. ಅವನು ತೆರೆದ ಬಾಯಿ ಮುಚ್ಚಿದ.

"ಒಬ್ಬಳೇ," ಎಂದಳು ಇಬ್ಬನಿ. ತನ್ನ ದನಿ ಅಷ್ಟು ಗಟ್ಟಿಯಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. "ಹಾಗೆ ಕರೆಯೋಳು ನಾನೊಬ್ಬಳೇ ಮೇಡಂ."

ಇನ್ಸ್‌ಪೆಕ್ಟರ್ ಅವಳನ್ನೇ ನೋಡುತ್ತಿದ್ದರು. ಆಮೇಲೆ ತಲೆ ತಗ್ಗಿಸಿ, ಅಕ್ಷರ ಅಕ್ಷರವಾಗಿ, ಅದನ್ನು ಬರೆದುಕೊಳ್ಳತೊಡಗಿದರು.